‘ಅದು ನಿಮಗೆ ಹೇಗೆ ಗೊತ್ತು?’

ಪರಿಸರ ವಿಜ್ಞಾನದ ಪರೀಕ್ಷೆಯಲ್ಲಿ ನನ್ನನ್ನು ಇದುವರೆಗೆ ಯಾರೂ ಕೇಳದ ಪ್ರಶ್ನೆ ಒಂದಿದೆ. ತರಗತಿಯಿಂದ ಹೊರಗೆ ಬಂದರೆ ಜನ ಮೊದಲು ಕೇಳುವುದು ಅದನ್ನೇ. ‘ಅದು ನಿಮಗೆ ಹೇಗೆ ಗೊತ್ತು?’ ಕೈಗಾರಿಕೆಗಳು ಶುರುವಾಗುವ ಮುಂಚೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 280 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 280 ಪಾಲು) ಇತ್ತು, ಈಗ 420 ದಾಟಿದೆ ಎಂದು ಉತ್ತರ ಪತ್ರಿಕೆಯಲ್ಲಿ ಬರೆದರೆ ಅಂಕ ಸಿಗುತ್ತದೆ. ಸಂಖ್ಯೆ ಸರಿ ಇದ್ದರೆ ಸಾಕು. ಅದೇ ಮಾತನ್ನು ಪಕ್ಕದಲ್ಲಿ ಕೂತವರಿಗೆ ಹೇಳಿ ನೋಡಿ. ಆಗ ಅಳೆದವರು ಯಾರು, ಆ ಕಾಲದಲ್ಲಿ ಯಂತ್ರ ಎಲ್ಲಿತ್ತು ಅಂತ ಕೇಳುತ್ತಾರೆ. ಎಷ್ಟು ನ್ಯಾಯವಾದ ಪ್ರಶ್ನೆ ಅಲ್ವಾ? ಆದರೆ ಓದುತ್ತಿರುವ ನಮ್ಮಲ್ಲಿ ಬಹಳ ಜನ ಅದನ್ನು ಅನುಮಾನ ಎಂದೇ ತಿಳಿಯುತ್ತೇವೆ. ‘ಬಿಡು, ಅವರು ನಂಬೋದಿಲ್ಲ’ ಎಂದು ಗೆಳತಿಯರು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಹೇಗೆ ಗೊತ್ತು ಎಂದು ಕೇಳುವವರು ಕಿವಿ ಕೊಟ್ಟಿದ್ದಾರೆ. ಕೇಳಿಸಿಕೊಳ್ಳಲು ಇಷ್ಟವಿಲ್ಲದವರು ತಲೆಯಾಡಿಸಿ ಸುಮ್ಮನಾಗುತ್ತಾರೆ.

ವಿಜ್ಞಾನವನ್ನು ಜನರಿಗೆ ತಲುಪಿಸುವ ಬಗ್ಗೆಯೇ ನಮ್ಮ ಓದಿನಲ್ಲಿ ಒಂದು ಪಾಠವಿಷಯ ಇದೆ. ಅದರಲ್ಲಿ ಮತ್ತೆ ಮತ್ತೆ ಬರುವ ಸಲಹೆ ‘ಸರಳ ಮಾಡಿ’ ಎನ್ನುವುದು. ಸರಳ ಮಾಡಲು ಕೂತಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ವಿಧಾನಕ್ಕೆ. ಹೇಗೆ ಅಳೆದರು, ಯಾವ ಯಂತ್ರ, ತಪ್ಪಾಗಿದ್ದರೆ ಗೊತ್ತಾಗುತ್ತಿದ್ದದ್ದು ಹೇಗೆ, ಇದೆಲ್ಲ ಹೋಗುತ್ತದೆ. ಫಲಿತಾಂಶ ಮಾತ್ರ ದೊಡ್ಡ ಅಕ್ಷರದಲ್ಲಿ ಉಳಿಯುತ್ತದೆ. ಈ ಕತ್ತರಿ ಬೀಳಬಾರದ ಕಡೆ ಬೀಳುತ್ತಿದೆ ಎಂಬುದು ಕೆಲವು ಕಾಲದಿಂದ ನನ್ನನ್ನು ಕಾಡುತ್ತಿರುವ ವಿಷಯ.

ಮಂಜುಗಡ್ಡೆಯೊಳಗಿನ ಗಾಳಿ

ವಿಭಾಗದಲ್ಲಿ ಒಮ್ಮೆ ಪ್ರದರ್ಶನ ಇತ್ತು. ನನ್ನ ಪೋಸ್ಟರಿನಲ್ಲಿ ಎಂಟು ಲಕ್ಷ ವರ್ಷಗಳ ಕಾರ್ಬನ್ ಡೈಆಕ್ಸೈಡ್ ರೇಖೆ. ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಕೊರೆದು ತೆಗೆದ ಮಂಜುಗಡ್ಡೆಯಿಂದ ಸಿಕ್ಕ ರೇಖೆ ಅದು. 180ರ ಹತ್ತಿರಕ್ಕೆ ಇಳಿಯುತ್ತದೆ, 300ರ ಹತ್ತಿರಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಅಷ್ಟು ದೀರ್ಘ ಕಾಲದಲ್ಲಿ ಒಮ್ಮೆಯೂ ಈಗಿನ ಮಟ್ಟದ ಹತ್ತಿರ ಬಂದಿಲ್ಲ. ಬಂದವರಲ್ಲಿ ಹೆಚ್ಚಿನವರು ರೇಖೆಯ ಕೊನೆಯಲ್ಲಿರುವ ನೆಟ್ಟನೆಯ ಏರಿಕೆ ನೋಡಿ, ‘ಅಬ್ಬಾ’ ಎಂದು ಮುಂದಿನ ಮೇಜಿಗೆ ಹೋದರು. ಒಬ್ಬ ಹಿರಿಯರು ಮಾತ್ರ ನಿಂತರು. ಕನ್ನಡಕ ಸರಿ ಮಾಡಿಕೊಂಡು ಎಡಗಡೆಯ ತುದಿಯನ್ನೇ ನೋಡಿದರು. ‘ಎಂಟು ಲಕ್ಷ ವರ್ಷದ ಹಿಂದೆ ಗಾಳಿ ಅಳೆದವರು ಯಾರಮ್ಮಾ?’ ಎಂದು ಕೇಳಿದರು.

ನಾನು ಹೇಳಿದೆ. ಅಲ್ಲಿ ಬಿದ್ದ ಹಿಮ ಕರಗುವುದಿಲ್ಲ. ವರ್ಷ ವರ್ಷವೂ ಮೇಲಿನಿಂದ ಇನ್ನಷ್ಟು ಬೀಳುತ್ತದೆ. ಭಾರಕ್ಕೆ ಕೆಳಗಿನ ಹಿಮ ಒತ್ತಿಕೊಂಡು ಮಂಜುಗಡ್ಡೆಯಾಗುತ್ತದೆ. ಹಿಮದ ಹರಳುಗಳ ನಡುವೆ ಇದ್ದ ಗಾಳಿ ಗುಳ್ಳೆಗಳಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಆ ಗಡ್ಡೆಯನ್ನು ಗಾಳಿ ತೆಗೆದ ಡಬ್ಬಿಯೊಳಗೆ ಪುಡಿ ಮಾಡಿದರೆ ಗುಳ್ಳೆ ಒಡೆದು ಅಂದಿನ ಗಾಳಿ ಹೊರಗೆ ಬರುತ್ತದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಕೇಳಿದ್ದು ನಾನು ತುಂಬಾ ಇಷ್ಟಪಟ್ಟ ಪ್ರಶ್ನೆ. ‘ಅಷ್ಟು ಕಾಲ ಒಳಗೆ ಇದ್ದ ಗಾಳಿ ಕೆಡೋದಿಲ್ವಾ?’

ಅವರು ವಿಜ್ಞಾನ ಓದಿದವರಲ್ಲ ಎಂದು ಮಾತಿನಲ್ಲಿ ಗೊತ್ತಾಯಿತು. ಆದರೆ ವಿಜ್ಞಾನಿಗಳು ತಮ್ಮನ್ನು ತಾವು ಕೇಳಿಕೊಂಡದ್ದೂ ಇದೇ ಪ್ರಶ್ನೆ. ಮತ್ತು ಉತ್ತರ ‘ಕೆಲವು ಕಡೆ ಕೆಡುತ್ತದೆ’ ಎಂದೇ. ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಲ್ಲಿ ದೂಳು ಜಾಸ್ತಿ. ಆ ದೂಳಿನಲ್ಲಿರುವ ಕಾರ್ಬೊನೇಟು ಆಮ್ಲದ ಜೊತೆ ಸೇರಿ ಒಳಗೇ ಹೊಸದಾಗಿ ಕಾರ್ಬನ್ ಡೈಆಕ್ಸೈಡ್ ಹುಟ್ಟಬಹುದು. ಅದಕ್ಕೇ ಈ ಅನಿಲದ ಹಳೆಯ ಲೆಕ್ಕಕ್ಕೆ ಅಂಟಾರ್ಕ್ಟಿಕಾದ ಶುಭ್ರ ಮಂಜುಗಡ್ಡೆಯನ್ನೇ ನೆಚ್ಚುತ್ತಾರೆ. ಸರಿ, ಅಲ್ಲಿಯದಾದರೂ ಕೆಟ್ಟಿಲ್ಲ ಎಂದು ಹೇಗೆ ಹೇಳುವುದು? ಅಂಟಾರ್ಕ್ಟಿಕಾದ ಅಂಚಿನಲ್ಲಿ ಲಾ ಡೋಮ್ ಎಂಬ ಜಾಗ ಇದೆ. ಅಲ್ಲಿ ಹಿಮ ಬಹಳ ಬೀಳುವುದರಿಂದ ಗುಳ್ಳೆಗಳು ಬೇಗ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಇಪ್ಪತ್ತನೇ ಶತಮಾನದ ಗಾಳಿಯೂ ಅಲ್ಲಿ ಸಿಗುತ್ತದೆ. 1958ರಿಂದ ಈಚೆಗೆ ನೇರವಾಗಿ ಗಾಳಿಯಲ್ಲೇ ಅಳೆದ ಅಂಕಿಗಳು ನಮ್ಮ ಕೈಯಲ್ಲಿವೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಹೊಂದುತ್ತವೆ. ಈ ಮಾತು ಕೇಳಿದಾಗ ಅವರ ಮುಖ ಅರಳಿತು. ‘ಹಾಗಾದರೆ ಗಟ್ಟಿ’ ಎಂದರು.

‘ಗಟ್ಟಿ’ ಎಂದು ತೀರ್ಮಾನ ಕೊಟ್ಟವರು ಅವರು. ನಾನು ಅದನ್ನು ಅವರ ಮೇಲೆ ಹೇರಲಿಲ್ಲ. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ರೇಖೆ ತೋರಿಸಿ ಅಬ್ಬಾ ಎನ್ನಿಸಿದ್ದರೆ ಅವರು ನನ್ನ ಮಾತಿನ ಮೇಲೆ ಭರವಸೆ ಇಟ್ಟು ಹೋಗುತ್ತಿದ್ದರು. ನಾಳೆ ಬೇರೆ ಯಾರೋ ಇನ್ನೂ ಜೋರಾಗಿ ಬೇರೆ ಮಾತು ಹೇಳಿದರೆ ಆ ಭರವಸೆ ಅಲ್ಲಿಗೆ ಹೋಗಬಹುದು. ಗುಳ್ಳೆ ಕೆಡಬಹುದಿತ್ತು, ಅದನ್ನು ಪರೀಕ್ಷಿಸಿದರು ಎಂದು ತಿಳಿದವರ ಬಳಿ ತೂಗಿ ನೋಡಲು ಏನೋ ಇದೆ.

ಬಿಳಿ ಬಾಟಲಿ, ಕಂದು ಬಾಟಲಿ

ಇನ್ನೊಂದು ನೆನಪು ಪ್ರಯೋಗಾಲಯದ್ದು. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನ ಪರಿಸರ ಓದುವವರಿಗೆಲ್ಲ ಗೊತ್ತು. ಹಂಗೇರಿಯ ಲಾಯೋಶ್ ವಿಂಕ್ಲರ್ ಇದನ್ನು 1888ರಲ್ಲಿ ಪ್ರಕಟಿಸಿದಾಗ ಅವರಿನ್ನೂ ಇಪ್ಪತ್ತರ ಹರೆಯದಲ್ಲಿದ್ದರು. (ನಮ್ಮ ರೆಕಾರ್ಡ್ ಪುಸ್ತಕದಲ್ಲಿ ಅವರ ಹೆಸರು ಇದೆ, ವಯಸ್ಸು ಇಲ್ಲ. ನನಗೆ ಅದು ಗೊತ್ತಾದ ದಿನ ಆ ಪ್ರಯೋಗದ ಮೇಲೆ ಪ್ರೀತಿ ಹೆಚ್ಚಿತು.) ಶಾಲಾ ಮಕ್ಕಳು ನೋಡಲು ಬಂದಿದ್ದರು. ನಮ್ಮ ಮೇಡಂ ಎರಡು ಬಾಟಲಿ ಇಟ್ಟರು. ಒಂದರಲ್ಲಿ ಹರಿಯುವ ಹೊಳೆಯ ನೀರು. ಇನ್ನೊಂದರಲ್ಲಿ ಕೊಳಚೆ ಸೇರಿದ ನೀರು, ಅದೂ ಮುಚ್ಚಿ ಕತ್ತಲೆಯಲ್ಲಿ ಐದು ದಿನ ಇಟ್ಟದ್ದು. ಎರಡಕ್ಕೂ ಮೊದಲು ಮ್ಯಾಂಗನೀಸ್ ಸಲ್ಫೇಟ್ ಹಾಕಿದರು, ಆಮೇಲೆ ಕ್ಷಾರ ಬೆರೆಸಿದ ಅಯೊಡೈಡ್. ಹೊಳೆಯ ನೀರಿನಲ್ಲಿ ಕಂದು ಬಣ್ಣದ ಗಸಿ ಕೂತಿತು. ಕೊಳಚೆ ನೀರಿನಲ್ಲಿ ಬೆಳ್ಳಗಿನ ಗಸಿ. ಯಾವುದು ಒಳ್ಳೆಯ ನೀರು ಎಂದು ಕೇಳಿದರು. ಮಕ್ಕಳೆಲ್ಲ ಒಂದೇ ದನಿಯಲ್ಲಿ ಬಿಳಿ ಬಾಟಲಿ ತೋರಿಸಿದರು.

ಮೇಡಂ ತಕ್ಷಣ ಉತ್ತರ ಹೇಳಲಿಲ್ಲ. ‘ಬಿಳಿ ಯಾಕೆ ಬಂತು, ಕಂದು ಯಾಕೆ ಬಂತು, ಅದನ್ನು ಮೊದಲು ನೋಡೋಣ’ ಎಂದರು. ಮ್ಯಾಂಗನೀಸಿನ ಗಸಿ ಹುಟ್ಟುವಾಗ ಬೆಳ್ಳಗೇ ಇರುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಅದರ ಜೊತೆ ಸೇರಿ ಕಂದಾಗುತ್ತದೆ. ಬಿಳಿಯಾಗಿಯೇ ಉಳಿದರೆ ಸೇರಲು ಆಮ್ಲಜನಕವೇ ಇರಲಿಲ್ಲ ಎಂದು ಅರ್ಥ. ಇಷ್ಟು ಹೇಳಿ ಅವರು ನಿಲ್ಲಿಸಿದರು. ಹಿಂದಿನ ಸಾಲಿನ ಒಬ್ಬ ಹುಡುಗಿ ನಿಧಾನವಾಗಿ, ‘ಹಾಗಾದರೆ ಬಿಳಿ ಬಾಟಲಿಯಲ್ಲಿ ಮೀನು ಬದುಕಲ್ಲ’ ಎಂದಳು. ಆ ಮಾತು ಅವಳದೇ ಆಗಿತ್ತು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮುಂದಿನ ಸಾಲಿನವನು, ‘ಆಮ್ಲಜನಕ ಎಲ್ಲಿಗೆ ಹೋಯಿತು?’ ಎಂದ. ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಅದನ್ನು ಬಳಸಿಕೊಂಡವು. ಬಿಒಡಿ (ಬಯೊಕೆಮಿಕಲ್ ಆಕ್ಸಿಜನ್ ಡಿಮಾಂಡ್) ಎಂದರೆ ಇದೇ. ಎಷ್ಟು ಕೊಳಚೆ ಇದೆ ಎಂಬುದನ್ನು ಬ್ಯಾಕ್ಟೀರಿಯಾಗಳ ಉಸಿರಾಟದಿಂದ ಅಳೆಯುವುದು. ನಮ್ಮ ಪಠ್ಯದ ವ್ಯಾಖ್ಯಾನ ಮೂರು ಸಾಲಿದೆ, ಬಾಯಿಪಾಠ ಮಾಡಬೇಕು. ಆ ಮಕ್ಕಳು ವ್ಯಾಖ್ಯಾನ ಇಲ್ಲದೇ ವಿಷಯಕ್ಕೆ ಬಂದು ಮುಟ್ಟಿದ್ದರು.

ಐದೇ ದಿನ ಯಾಕೆ ಎಂದು ಯಾರೋ ಕೇಳಿದರು. ಇದಕ್ಕೂ ಸೊಗಸಾದ ಉತ್ತರ ಇದೆ. ಈ ಪರೀಕ್ಷೆ ಬ್ರಿಟನ್ನಿನಲ್ಲಿ ಕೊಳಚೆ ನೀರಿನ ವಿಲೇವಾರಿಗೆಂದು ನೇಮಿಸಿದ್ದ ರಾಯಲ್ ಕಮಿಷನ್ನಿನ 1912ರ ವರದಿಯಿಂದ ಬಳಕೆಗೆ ಬಂತು. ಅಲ್ಲಿನ ನದಿಗಳ ನೀರು ಸಮುದ್ರ ಸೇರಲು ಐದು ದಿನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂಬುದೇ ಆ ಐದರ ಹಿಂದಿನ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದು ಸಣ್ಣ ದೇಶದ ಗಿಡ್ಡ ನದಿಗಳಿಗೆ ಹೊಂದಿಸಿದ ಅವಧಿ ಜಗತ್ತಿನ ಎಲ್ಲ ನದಿಗಳ ಅಳತೆಗೋಲಾಯಿತು. ಇದು ಗೊತ್ತಾದರೆ ಬಿಒಡಿಯ ಮೇಲೆ ನಂಬಿಕೆ ಹೋಗುತ್ತದೆಯೇ? ನನಗೆ ಹಾಗಾಗಲಿಲ್ಲ. ಅಳತೆಯೊಂದನ್ನು ಜನ ಕೂತು, ಯೋಚಿಸಿ, ಕಾರಣ ಕೊಟ್ಟು ಆರಿಸಿರುತ್ತಾರೆ ಎಂದು ತಿಳಿದ ಮೇಲೆ ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಎಚ್ಚರದಿಂದಿರಬೇಕು ಎಂಬುದೂ ತಿಳಿಯಿತು. ನಮ್ಮ ವರದಿಗಳಲ್ಲಿ ನಾವು ಬರೆಯುವುದು ಒಂದೇ ಸಾಲು, ‘ಪ್ರಮಾಣಿತ ವಿಧಾನವನ್ನು ಅನುಸರಿಸಲಾಯಿತು’. ಅದನ್ನು ತಿದ್ದುವವರೂ ಆ ಸಾಲಿನ ಮೇಲೆ ಕಣ್ಣು ಜಾರಿಸಿ ಫಲಿತಾಂಶದ ಕೋಷ್ಟಕಕ್ಕೆ ಹೋಗುತ್ತಾರೆ.

ಒಂಟಿಯಾಗಿ ಹೊರಟ ಚಿತ್ರ

ಇಲ್ಲಿ ಒಬ್ಬರು ಅಡ್ಡ ಪ್ರಶ್ನೆ ಹಾಕಬಹುದು. ವಿಧಾನ ಹೇಳದೆಯೂ ಜನರನ್ನು ಮುಟ್ಟಿದ ವಿಜ್ಞಾನ ಇಲ್ಲವೇ? ಇದೆ. ಓಝೋನ್ ರಂಧ್ರಕ್ಕಿಂತ ದೊಡ್ಡ ಉದಾಹರಣೆ ಬೇಡ. ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಎಂಬ ರಾಸಾಯನಿಕಗಳು ಮೇಲೆ ಹೋಗಿ ಓಝೋನನ್ನು ತಿನ್ನಬಹುದು ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಅಂಟಾರ್ಕ್ಟಿಕಾದ ಮೇಲೆ ಓಝೋನ್ ವಸಂತಕಾಲದಲ್ಲಿ ಕುಸಿಯುತ್ತಿದೆ ಎಂದು ತೋರಿಸಿದರು. ಉಪಗ್ರಹದ ಅಂಕಿಗಳಿಂದ ಮಾಡಿದ ಬಣ್ಣದ ನಕ್ಷೆಗಳು ಪತ್ರಿಕೆ, ಟಿವಿಗಳಲ್ಲಿ ಬಂದವು. 1987ರಲ್ಲಿ ಸಿಎಫ್‌ಸಿಗಳ ಬಳಕೆ ಇಳಿಸುವ ಮಾಂಟ್ರಿಯಲ್ ಒಪ್ಪಂದವಾಯಿತು. ಇಷ್ಟು ಬೇಗ ಇಷ್ಟು ದೇಶಗಳು ಒಂದು ಪರಿಸರ ವಿಷಯಕ್ಕೆ ಒಪ್ಪಿದ್ದು ಅಪರೂಪ. 2022ರ ಅಂತರರಾಷ್ಟ್ರೀಯ ವರದಿಯ ಪ್ರಕಾರ ಈಗಿನ ನೀತಿಗಳು ಹೀಗೇ ಮುಂದುವರಿದರೆ ಅಂಟಾರ್ಕ್ಟಿಕಾದ ಮೇಲಿನ ಓಝೋನ್ ಸುಮಾರು 2066ರ ಹೊತ್ತಿಗೆ 1980ರ ಮಟ್ಟಕ್ಕೆ ಮರಳುತ್ತದೆ. ಆಕಾಶದಲ್ಲಿ ತೂತು ಎಂಬ ಚಿತ್ರದ ಪಾಲು ಇದರಲ್ಲಿ ಖಂಡಿತ ಇದೆ. ನಾನು ಅದನ್ನು ಗೌರವಿಸುತ್ತೇನೆ.

ಆದರೆ ಆ ಚಿತ್ರ ಇನ್ನೊಂದು ಕೆಲಸವನ್ನೂ ಮಾಡಿತು. ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂದು ಕೇಳಿ ನೋಡಿ. ಓದಿಕೊಂಡವರಲ್ಲೂ ಕೆಲವರು, ‘ಓಝೋನಿನಲ್ಲಿ ತೂತಾಗಿದೆ, ಬಿಸಿಲು ಒಳಗೆ ಬರುತ್ತಿದೆ’ ಎನ್ನುತ್ತಾರೆ. ಮನಸ್ಸಿನಲ್ಲಿ ತೂತಿನ ಚಿತ್ರ ಇದೆ, ಬಿಸಿಯ ಸುದ್ದಿ ಇದೆ, ಎರಡನ್ನೂ ಕೂಡಿಸಿಕೊಂಡಿದ್ದಾರೆ. ಅವರನ್ನು ದೂರುವುದು ಸರಿಯಲ್ಲ. ಅವರ ಕೈಗೆ ಸಿಕ್ಕಿದ್ದು ಚಿತ್ರ ಮಾತ್ರ. ಅಂಟಾರ್ಕ್ಟಿಕಾದ ಹ್ಯಾಲಿ ಕೇಂದ್ರದಲ್ಲಿ ನೆಲದ ಮೇಲೆ ಕೂತ ಒಂದು ಉಪಕರಣ, ಡಾಬ್ಸನ್ ಸ್ಪೆಕ್ಟ್ರೋಫೋಟೋಮೀಟರ್, ಏನು ಮಾಡುತ್ತಿತ್ತು ಎಂದು ತಿಳಿದಿದ್ದರೆ ಈ ಗೊಂದಲ ಆಗುತ್ತಿರಲಿಲ್ಲ. ಸೂರ್ಯನ ಬೆಳಕಿನ ಎರಡು ಅತಿನೇರಳೆ ಅಲೆಗಳನ್ನು ಅದು ಹೋಲಿಸುತ್ತದೆ. ಒಂದನ್ನು ಓಝೋನ್ ಹೀರುತ್ತದೆ, ಇನ್ನೊಂದನ್ನು ಅಷ್ಟಾಗಿ ಹೀರುವುದಿಲ್ಲ. ಕೆಳಗೆ ಬಂದು ತಲುಪುವಾಗ ಎರಡರ ನಡುವೆ ಎಷ್ಟು ವ್ಯತ್ಯಾಸ ಎಂಬುದರಿಂದ ಮೇಲೆ ಎಷ್ಟು ಓಝೋನ್ ಇದೆ ಎಂದು ಲೆಕ್ಕ ಹಾಕುತ್ತಾರೆ. ಓಝೋನ್ ತಡೆಯುವುದು ಅತಿನೇರಳೆ ಕಿರಣವನ್ನು, ಅದು ಕಡಿಮೆಯಾದರೆ ಚರ್ಮಕ್ಕೆ, ಕಣ್ಣಿಗೆ, ಬೆಳೆಗೆ ತೊಂದರೆ ಎಂಬುದು ಅಳತೆಯ ಕಥೆಯಲ್ಲೇ ಬಂದುಬಿಡುತ್ತದೆ. ತೂತು ಎಂಬುದೂ ನಿಜವಾದ ತೂತಲ್ಲ, ತೆಳುವಾಗಿರುವುದು ಎಂದೂ ತಿಳಿಯುತ್ತದೆ. ಮೇಲಿರುವ ಓಝೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ತಂದು ಹರಡಿದರೆ ಸಾಮಾನ್ಯವಾಗಿ ಸುಮಾರು 3 ಮಿಲಿಮೀಟರ್ ದಪ್ಪ ಇರುತ್ತದೆ. ಹ್ಯಾಲಿಯಲ್ಲಿ ಅಕ್ಟೋಬರ್ ತಿಂಗಳಲ್ಲಿ ಅದು ಸುಮಾರು 2 ಮಿಲಿಮೀಟರಿಗೆ ಬಂದಿತ್ತು. ಈ ಉಪಕರಣವನ್ನು ಅಲ್ಲಿ 1950ರ ದಶಕದಿಂದ ಬಳಸುತ್ತಿದ್ದರು. ದಶಕಗಳ ಕಾಲ ದೊಡ್ಡ ಸುದ್ದಿ ಏನೂ ಇಲ್ಲದೆ ಅಳೆಯುತ್ತಲೇ ಇದ್ದರು. ಅದು ಇಲ್ಲದಿದ್ದರೆ 1985ರ ಸುದ್ದಿ ಇರುತ್ತಿರಲಿಲ್ಲ.

ಎಲ್ಲ ಕಡೆಯೂ ಹೀಗೆ ವಿಧಾನ ಹೇಳುತ್ತಾ ನಿಲ್ಲಬೇಕು ಅಂತ ನಾನು ಹೇಳುತ್ತಿಲ್ಲ. ಗಾಳಿಯಲ್ಲಿ ಪಿಎಂ 2.5 ಎಂಬ ಅತಿ ಸಣ್ಣ ಕಣಗಳು ವಿಪರೀತ ಏರಿದ ದಿನ ‘ಆಸ್ತಮಾ ಇರುವವರು ಹೊರಗೆ ಹೋಗಬೇಡಿ’ ಎಂದಷ್ಟೇ ಹೇಳಬೇಕು. ಚಂಡಮಾರುತದ ಎಚ್ಚರಿಕೆಗೂ ಅಷ್ಟೇ. ಆದರೆ ವರ್ಷಗಟ್ಟಲೆ ಜನ ಹೊತ್ತು ನಡೆಯಬೇಕಾದ ತಿಳಿವಳಿಕೆಗೆ ಇಷ್ಟು ಸಾಲದು.

ಗಾಳಿಗೆ ಸೇರಿದ್ದು ಎಲ್ಲಿಂದ ಬಂತು

ನನ್ನ ಓದಿನಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಯಾವುದು ಎಂದರೆ ಇದನ್ನೇ ಹೇಳುತ್ತೇನೆ. ಗಾಳಿಯಲ್ಲಿ ಹೆಚ್ಚಾದ ಕಾರ್ಬನ್ ಡೈಆಕ್ಸೈಡ್ ಕಲ್ಲಿದ್ದಲು, ತೈಲ, ಅನಿಲ ಸುಟ್ಟದ್ದರಿಂದ ಬಂದದ್ದು ಎಂದು ಎಲ್ಲ ಪುಸ್ತಕದಲ್ಲಿ ಇದೆ. ಜ್ವಾಲಾಮುಖಿಯಿಂದ ಬಂದಿರಬಾರದೇಕೆ? ಕಾಡು, ಮಣ್ಣು, ಸಮುದ್ರದಿಂದ ಯಾಕಾಗಬಾರದು? ಅಣುವಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ಆದರೆ ಗುರುತು ಇರುತ್ತದೆ.

ಕಾರ್ಬನ್ 14 ಎಂಬ ವಿಕಿರಣಶೀಲ ಕಾರ್ಬನ್ ಸುಮಾರು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ ಅದು ಒಂಚೂರೂ ಉಳಿದಿಲ್ಲ. ಅಂಥ ಕಾರ್ಬನ್ ಗಾಳಿಗೆ ಸೇರಿದರೆ, ಬಣ್ಣದ ನೀರಿಗೆ ಬರೀ ನೀರು ಸುರಿದಂತೆ, ಗಾಳಿಯ ಕಾರ್ಬನ್ 14ರ ಪಾಲು ತೆಳುವಾಗಬೇಕು. ಹಾನ್ಸ್ ಸೂಸ್ 1955ರಲ್ಲಿ ಮರದ ಉಂಗುರಗಳಲ್ಲಿ ಇದನ್ನೇ ಕಂಡು ಪ್ರಕಟಿಸಿದರು. (ಆ ಹೊತ್ತಿಗೆ ನಡೆಯುತ್ತಿದ್ದ ಅಣುಬಾಂಬ್ ಪರೀಕ್ಷೆಗಳು ಮುಂದೆ ಗಾಳಿಯ ಕಾರ್ಬನ್ 14ನ್ನು ವಿಪರೀತ ಏರಿಸಿಬಿಟ್ಟವು. ಹಳೆಯ ಉಂಗುರಗಳು ಇಲ್ಲದಿದ್ದರೆ ಈ ಸುಳಿವು ಕಾಣುವುದು ಬಹಳ ಕಷ್ಟವಾಗುತ್ತಿತ್ತು.) ಇದರಿಂದ ಕಾಡಿನ ಮೇಲಿನ ಅನುಮಾನ ಹೋಯಿತು, ಯಾಕೆಂದರೆ ಈಗಿನ ಗಿಡಮರಗಳಲ್ಲಿ ಕಾರ್ಬನ್ 14 ಇದೆ. ಜ್ವಾಲಾಮುಖಿಯ ಮೇಲಿನದು ಹೋಗಲಿಲ್ಲ. ಅದರ ಕಾರ್ಬನ್ ಕೂಡ ಹಳೆಯದೇ. ಆಗ ಸ್ವಲ್ಪ ಭಾರವಾದ ಇನ್ನೊಂದು ಬಗೆ, ಕಾರ್ಬನ್ 13, ಬರುತ್ತದೆ. ಗಿಡಗಳು ಹಗುರವಾದ ಕಾರ್ಬನ್ 12ನ್ನು ಹೆಚ್ಚು ಹೀರುತ್ತವೆ, ಕಾರ್ಬನ್ 13ನ್ನು ಕಡಿಮೆ. ಗಿಡಗಳಿಂದ, ಜೀವಿಗಳಿಂದ ಆದ ಇಂಧನದಲ್ಲೂ ಹಾಗೇ. ಜ್ವಾಲಾಮುಖಿಯ ಕಾರ್ಬನ್ನಿನಲ್ಲಿ ಆ ಕೊರತೆ ಅಷ್ಟಿಲ್ಲ. ಗಾಳಿಯಲ್ಲಿ ಕಾರ್ಬನ್ 13ರ ಪಾಲು ಇಳಿಯುತ್ತಾ ಬಂದಿದೆ. ಇನ್ನೊಂದು ಸಾಕ್ಷಿ ಆಮ್ಲಜನಕ. ಏನನ್ನಾದರೂ ಸುಟ್ಟರೆ ಆಮ್ಲಜನಕ ಖರ್ಚಾಗುತ್ತದೆ, ಜ್ವಾಲಾಮುಖಿ ಉಗುಳಿದರೆ ಹಾಗೆ ಖರ್ಚಾಗುವುದಿಲ್ಲ. 1980ರ ದಶಕದ ಕೊನೆಯಿಂದ ರಾಲ್ಫ್ ಕೀಲಿಂಗ್ ಮತ್ತು ಇತರರು ಮಾಡಿದ ಅತಿ ಸೂಕ್ಷ್ಮ ಅಳತೆಗಳಲ್ಲಿ ಆಮ್ಲಜನಕ ನಿಧಾನವಾಗಿ ಇಳಿಯುತ್ತಿರುವುದು ಕಾಣುತ್ತದೆ. ಉಸಿರಾಟಕ್ಕೆ ತೊಂದರೆಯಾಗುವಷ್ಟಲ್ಲ, ಆದರೆ ಸಾಕ್ಷಿಗೆ ಸಾಕು.

ಒಂದೊಂದು ಸುಳಿವೂ ಒಂದೊಂದು ಬಾಗಿಲು ಮುಚ್ಚುತ್ತದೆ. ಒಂದೇ ಸುಳಿವು ಇದ್ದರೆ ಪೂರ್ತಿ ಉತ್ತರ ಬರುವುದಿಲ್ಲ. ಇದನ್ನು ನಾನು ತಂಗಿಗೆ ಹೇಳಿದಾಗ ಅವಳು ನಡುವೆ ನಿಲ್ಲಿಸಿ, ‘ಇರು ಅಕ್ಕಾ, ಸಮುದ್ರದ್ದು ಇನ್ನೂ ಹೇಳಿಲ್ಲ’ ಎಂದಳು. ಸರಿಯಾಗಿಯೇ ಹಿಡಿದಳು. ಸಮುದ್ರ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದ್ದರೆ ಅದರೊಳಗೆ ಅದು ಕಡಿಮೆಯಾಗಬೇಕಿತ್ತು. ಅಲ್ಲಿಯೂ ಹೆಚ್ಚುತ್ತಿದೆ, ನೀರಿನ ಆಮ್ಲೀಯತೆ ಏರುತ್ತಿದೆ. ಅಂದರೆ ಸಮುದ್ರ ಹೀರುತ್ತಿದೆ. ಅವಳು ವಾಣಿಜ್ಯ ಓದುತ್ತಿರುವವಳು. ಯಾವ ಬಾಗಿಲು ಮುಚ್ಚಿಲ್ಲ ಎಂದು ಕಾಣಲು ಅವಳಿಗೆ ರಸಾಯನಶಾಸ್ತ್ರದ ಪದವಿ ಬೇಕಾಗಲಿಲ್ಲ.

ಎಷ್ಟು ಖಚಿತ

ಸಂವಹನದ ಪಾಠದಲ್ಲಿ ಇನ್ನೊಂದು ಭಯವನ್ನು ಕಲಿಸುತ್ತಾರೆ. ಅನಿಶ್ಚಿತತೆ ಹೇಳಿದರೆ ಜನ ಕೈಬಿಡುತ್ತಾರಂತೆ. ಅದಕ್ಕೇ ವಿದ್ಯಾರ್ಥಿಗಳು ಅಂದಾಜಿನ ವ್ಯಾಪ್ತಿಯನ್ನು ಬಿಟ್ಟು ನಡುವಿನ ಒಂದು ಸಂಖ್ಯೆ ಹೇಳಿಬಿಡುತ್ತೇವೆ. ನನಗೆ ಹವಾಮಾನ ಬದಲಾವಣೆಯ ವಿಜ್ಞಾನವನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ವರದಿಗಳ ಸರಣಿ ಬೇರೆಯೇ ಕಲಿಸಿತು. 1990ರ ಮೊದಲ ವರದಿ ಈ ಬಿಸಿಯಲ್ಲಿ ಮನುಷ್ಯನ ಕೈವಾಡವನ್ನು ಖಚಿತವಾಗಿ ಗುರುತಿಸಲು ಇನ್ನೂ ಹತ್ತು ವರ್ಷವೋ ಹೆಚ್ಚೋ ಬೇಕಾಗಬಹುದು ಎಂದಿತು. 1995ರಲ್ಲಿ ಸಾಕ್ಷ್ಯಗಳು ಆ ಕಡೆ ವಾಲುತ್ತಿವೆ ಎಂದರು. 2001ರಲ್ಲಿ ಸಂಭವ 66 ಶೇಕಡಾಕ್ಕಿಂತ ಹೆಚ್ಚು. 2007ರಲ್ಲಿ 90ಕ್ಕಿಂತ ಹೆಚ್ಚು. 2013ರಲ್ಲಿ 95ಕ್ಕಿಂತ ಹೆಚ್ಚು. 2021ರಲ್ಲಿ ಇನ್ನು ಸಂದೇಹವಿಲ್ಲ ಎಂದರು. ಕೊನೆಯದನ್ನು ಮಾತ್ರ ಹೇಳಿದರೆ ಅದು ಘೋಷಣೆಯ ಹಾಗೆ ಕೇಳುತ್ತದೆ. ಮೊದಲಿನಿಂದ ಹೇಳಿದರೆ, ಗೊತ್ತಿಲ್ಲದಾಗ ಗೊತ್ತಿಲ್ಲ ಎಂದವರೇ ಈಗ ಗೊತ್ತು ಎನ್ನುತ್ತಿದ್ದಾರೆ ಎಂದು ಕೇಳುವವರಿಗೆ ಕಾಣುತ್ತದೆ. ಇದನ್ನು ಯಾಕೆ ಮುಚ್ಚಿಡಬೇಕು?

ನಾನು ಕೇಳಬೇಕೆಂದಿರುವ ಪ್ರಶ್ನೆ

ಪ್ರಶ್ನೆಪತ್ರಿಕೆ ಮಾಡುವ ಕೆಲಸ ನನಗೆ ಕೊಟ್ಟರೆ ಒಂದು ಪ್ರಶ್ನೆ ಹೀಗಿರುತ್ತದೆ. ‘ಕಾರ್ಬನ್ ಡೈಆಕ್ಸೈಡಿನ ಹೆಸರಾಂತ ದಾಖಲೆ ಹವಾಯಿಯ ಮೌನಾ ಲೋವಾದಿಂದ ಬರುತ್ತದೆ. ಅದು ಜ್ವಾಲಾಮುಖಿ. ಹಾಗಿದ್ದೂ ಆ ಅಂಕಿಗಳನ್ನು ಯಾಕೆ ನೆಚ್ಚಬಹುದು?’ ಉತ್ತರ ಬರೆಯುವವರು ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಅಲ್ಲಿ ಅಳತೆ ಶುರು ಮಾಡಿದಾಗ ಸುಮಾರು 315 ಪಿಪಿಎಂ ಇತ್ತು ಎಂದು ಬರೆಯಬಹುದು. ದಶಕಗಳ ಕಾಲ ಬಳಸಿದ ಯಂತ್ರ ಅವಕೆಂಪು ಬೆಳಕನ್ನು ಗಾಳಿಯ ಮೂಲಕ ಹಾಯಿಸಿ ಎಷ್ಟು ಹೀರಲ್ಪಟ್ಟಿತು ಎಂದು ನೋಡುತ್ತಿತ್ತು. ಭೂಮಿಯ ಬಿಸಿಯನ್ನು ಹಿಡಿದಿಡುವುದೂ ಅನಿಲದ ಇದೇ ಗುಣ ಎಂದು ಸೇರಿಸಿದರೆ ನನಗೆ ಬಹಳ ಸಂತೋಷ. ಜ್ವಾಲಾಮುಖಿಯ ಅನಿಲ ಹೆಚ್ಚಾಗಿ ರಾತ್ರಿ ಇಳಿಜಾರಿನಲ್ಲಿ ಕೆಳಗೆ ಬೀಸುವ ಗಾಳಿಯ ಜೊತೆ ಬರುತ್ತದೆ. ಆಗ ಅಂಕಿಗಳು ಸ್ಥಿರವಾಗಿರದೆ ಏರುಪೇರಾಗುತ್ತವೆ. ಅವನ್ನು ಗುರುತಿಸಿ ಲೆಕ್ಕದಿಂದ ಬಿಡುತ್ತಾರೆ. ಹತ್ತಿರದಲ್ಲಿ ಜ್ವಾಲಾಮುಖಿಯೇ ಇಲ್ಲದ ದಕ್ಷಿಣ ಧ್ರುವದಲ್ಲಿ ಅಳೆದ ರೇಖೆಯೂ ಹಾಗೇ ಏರುತ್ತಿದೆ. ವರ್ಷದೊಳಗಿನ ಏರಿಳಿತ ಮಾತ್ರ ಅಲ್ಲಿ ಸಣ್ಣದು, ಯಾಕೆಂದರೆ ದಕ್ಷಿಣಾರ್ಧದಲ್ಲಿ ನೆಲ ಕಡಿಮೆ, ಋತುವಿಗೆ ತಕ್ಕಂತೆ ಚಿಗುರುವ ಗಿಡಮರವೂ ಕಡಿಮೆ. ಇಷ್ಟು ಬರೆದವರು 420 ಎಂಬ ಸಂಖ್ಯೆಯನ್ನು ಮರೆತಿದ್ದರೂ ನಾನು ಪೂರ್ತಿ ಅಂಕ ಕೊಡುತ್ತೇನೆ.